ಆ್ಯಪಿಗೊಂದು ಮೆಟ್ಟಿಲು

ನಮ್ಮ ಊರಿನಲ್ಲಿ ಟಿವಿಗೆ ಆ್ಯಪ್ ಹಾಕಿದರೆ ಮನೆ ಮೇಲಕ್ಕೇಳುತ್ತದೆ. ಸಣ್ಣಪುಟ್ಟದ್ದಾದರೆ ಎರಡು ಬೆರಳು, ಹಾಡಿನದಾದರೆ ಒಂದು ಗೇಣು, ಸಿನಿಮಾದ್ದಾದರೆ ಒಂದು ಮೊಳ. ತೆಗೆದರೆ ಅಷ್ಟೇ ಕೆಳಗಿಳಿಯುತ್ತದೆ. ಹೀಗಾಗಿ ಯಾರ ಮನೆಗಾದರೂ ಹೋಗುವ ಮುಂಚೆ "ಈಗ ಎಷ್ಟರಲ್ಲಿದ್ದೀರಿ" ಎಂದು ಫೋನು ಮಾಡಿ ಕೇಳುವುದು ನಮ್ಮಲ್ಲಿ ವಾಡಿಕೆ. ಹಾಲಿನವನು ಬೀದಿಯಲ್ಲಿ ನಿಂತು ಗಂಟೆ ಬಾರಿಸಿದರೆ ಮೇಲಿನಿಂದ ಹಗ್ಗದಲ್ಲಿ ಕ್ಯಾನು ಇಳಿಯುತ್ತದೆ. ಸೊಪ್ಪು ಮಾರುವ ರುದ್ರವ್ವ ತಲೆಯೆತ್ತಿ ಕೂಗಿ ಕೂಗಿ ಅವಳ ಕತ್ತು ಹಾಗೇ ನಿಂತುಬಿಟ್ಟಿದೆ, ಊಟಕ್ಕೆ ಕೂತರೂ ಸೂರು ನೋಡುತ್ತಲೇ ಉಣ್ಣುತ್ತಾಳೆ ಎಂದು ಜನ ಆಡಿಕೊಳ್ಳುತ್ತಾರೆ. ಗ್ಯಾಸ್ ಸಿಲಿಂಡರಿನ ಗಾಡಿ ಬರುವ ದಿನ ಬೀದಿಗೆ ಬೀದಿಯೇ ನೆಲಕ್ಕಿಳಿಯುತ್ತದೆ. ಸಿಲಿಂಡರ್ ಒಳಗೆ ಹೋದಮೇಲೆ ಎಲ್ಲರೂ ಮತ್ತೆ ಪಾಸ್‌ವರ್ಡ್ ಹುಡುಕುತ್ತ ಕೂರುತ್ತಾರೆ. ಮನೆ ಬಾಡಿಗೆಗೆ ಕೊಡುವವರು "ಸಿನಿಮಾದ್ದು ಎರಡಕ್ಕಿಂತ ಜಾಸ್ತಿ ಹಾಕ್ಬೇಡಿ, ನೀರಿನ ಪೈಪು ಸಾಲಲ್ಲ" ಎಂದು ಮೊದಲೇ ಹೇಳಿಬಿಡುತ್ತಾರೆ. ಮಂಡಿನೋವು ಶುರುವಾದವರು ಕ್ರಿಕೆಟ್ ಬಿಡುತ್ತಾರೆ. ಕ್ರಿಕೆಟ್ ಬಿಡಲಾರದವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ.

ಇಂಥ ಊರಿನಲ್ಲಿ ಏಣಿ ಮಾಡುವವನು ಮೀಸೆ ತಿರುವಿಕೊಂಡು ಓಡಾಡಬೇಕು. ನಾನು ಏಣಿ ಮಾಡುವವನೇ. ಹೆಸರು ತಿಪ್ಪೇಶ. ಆದರೆ ನನಗೆ ಎತ್ತರವೆಂದರೆ ಆಗದು. ಎತ್ತರ ಎಂದರೆ ಬೆಟ್ಟಗುಡ್ಡದ ಮಾತಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಸಾಕು, ಮೊಣಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಬಿದಿರು ಕೊರೆದು, ಮೆಟ್ಟಿಲು ಕೂರಿಸಿ, ಏಣಿಯನ್ನು ನೆಲದ ಮೇಲೆ ಮಲಗಿಸಿಕೊಂಡು ಅದರ ಮೇಲೆ ಈ ಕಡೆಯಿಂದ ಆ ಕಡೆಗೆ ನಡೆದು ನಾನು ಪರೀಕ್ಷೆ ಮಾಡುತ್ತಿದ್ದೆ. ಗಿರಾಕಿಗಳು "ನೀನೇ ಒಂದ್ಸಲ ಹತ್ತಿ ತೋರ್ಸಪ್ಪ" ಎಂದರೆ "ಹೊಸಾ ಏಣಿಗೆ ಮನೆಯವ್ರ ಕಾಲೇ ಮೊದ್ಲು ತಾಗ್ಬೇಕು" ಎಂದು ದೊಡ್ಡ ಶಾಸ್ತ್ರ ಬಲ್ಲವನ ಹಾಗೆ ಹೇಳಿ ಜಾರಿಕೊಳ್ಳುತ್ತಿದ್ದೆ. ಹೇಳಿ ಹೇಳಿ ಅದು ಊರಿನಲ್ಲಿ ನಿಜವಾದ ಶಾಸ್ತ್ರವೇ ಆಗಿಹೋಯಿತು. ಈಗ ಕುಂಕುಮ ಬೇರೆ ಹಚ್ಚುತ್ತಾರೆ.

ನಮ್ಮ ಮನೆಯ ಟಿವಿಯಲ್ಲಿ ಇದ್ದದ್ದು ಒಂದೇ ಆ್ಯಪ್, ಹವಾಮಾನದ್ದು. ಅದು ಟಿವಿಯ ಜೊತೆಗೇ ಬಂದದ್ದು, ಎಷ್ಟು ಒತ್ತಿದರೂ ತೆಗೆಯಲು ಬರುವುದಿಲ್ಲ ಅನ್ನುತ್ತಿತ್ತು. ಹೀಗೆ ನಾವು ನೆಲಬಿಟ್ಟು ಎರಡು ಬೆರಳು ಮೇಲಿದ್ದೆವು, ಆ ಎರಡು ಬೆರಳೂ ನನಗೆ ಕಿರಿಕಿರಿಯೇ. ನನ್ನ ತಾಯಿ ಗಿರಿಜಮ್ಮನಿಗೆ ಧಾರಾವಾಹಿಗಳ ಹುಚ್ಚು. ನನ್ನ ದೆಸೆಯಿಂದ ಅವಳು ದಿನಾ ಸಂಜೆ ಯಾರಾದರೊಬ್ಬರ ಏಣಿ ಹತ್ತಿ ಹೋಗಿ ನೋಡಿ ಬರಬೇಕಾಗಿತ್ತು. ಬಂದವಳು ಸೀರೆಯ ನೆರಿಗೆ ಕೊಡವುತ್ತ, "ಊರಿಗೆಲ್ಲ ಏಣಿ ಮಾಡ್ಕೊಡ್ತೀಯ. ಹೆತ್ತ ತಾಯಿನ ಮಾತ್ರ ಜಮಖಾನದ ಮೇಲೇ ಕೂರಿಸಿದೀಯ" ಎನ್ನುತ್ತಿದ್ದಳು. ನಾನು ಚಾಣ ಮಸೆಯುತ್ತ ಕೇಳಿಸಲಿಲ್ಲ ಎನ್ನುವಂತೆ ಇರುತ್ತಿದ್ದೆ.

ಎದುರು ಮನೆ ಕುಬೇರಪ್ಪನವರದು. ನಮ್ಮೂರಿನ ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವರು. ಟಾಕೀಸು ಮುಚ್ಚಿದಮೇಲೆ ಅವರ ಪ್ರೀತಿಯೆಲ್ಲ ಟಿವಿಯ ಮೇಲೆ ಹರಿಯಿತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮನೆಯಲ್ಲಿ ಅವರು ಮತ್ತು ಮಗಳು ಇಂದುಮತಿ ಇಬ್ಬರೇ. ಅವರ ಮನೆ ತೆಂಗಿನ ಗರಿಯ ಎತ್ತರಕ್ಕೆ ಹೋಗಿತ್ತು. ಇಂದುಮತಿ ಮೇಲೆಯೇ ಕೂತು ಬಟ್ಟೆ ಹೊಲಿಯುತ್ತಿದ್ದಳು. ಬೀದಿಯ ಹೆಂಗಸರು ಹಗ್ಗಕ್ಕೆ ಅಳತೆಯ ರವಿಕೆ ಕಟ್ಟಿ ಕಳಿಸಿದರೆ ನಾಲ್ಕು ದಿನಕ್ಕೆ ಹೊಸ ರವಿಕೆ ಗಾಳಿಯಲ್ಲಿ ಓಲಾಡುತ್ತ ಇಳಿದು ಬರುತ್ತಿತ್ತು.

ಆ ಮನೆಗೆ ಒಂದು ಆ್ಯಪ್ ಏರಿದಾಗಲೆಲ್ಲ ಏಣಿಗೆ ಒಂದು ಮೆಟ್ಟಿಲು ಬೇಕು. ಮೆಟ್ಟಿಲನ್ನು ಕೆಳತುದಿಗೆ ಸೇರಿಸುವುದಾದ್ದರಿಂದ ನಾನು ಹತ್ತುವ ಪ್ರಮೇಯವಿರಲಿಲ್ಲ. ಇಂದುಮತಿ ಸರಸರನೆ ಇಳಿದು ಕೊನೆಯ ಮೆಟ್ಟಿಲ ಮೇಲೆ ಕೂತು, ಕಾಲು ಆಡಿಸುತ್ತ ಮಾತಾಡುವಳು, ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹಗ್ಗ ಬಿಗಿಯುವೆನು. ಬೀದಿಯವರೆಲ್ಲ ನನ್ನನ್ನು ತಿಪ್ಪೇಶಣ್ಣ ಎನ್ನುತ್ತಾರೆ, ನನಗಿಂತ ದೊಡ್ಡವರೂ ಹಾಗೇ ಎನ್ನುತ್ತಾರೆ. ಇವಳು ಮಾತ್ರ "ಏಣಿಯವ್ರೇ" ಎನ್ನುತ್ತಿದ್ದಳು. ಒಂದು ದಿನವೂ ಅಣ್ಣ ಎನ್ನಲಿಲ್ಲ. ಅದು ನನ್ನ ತಲೆಗೆ ಹೊಕ್ಕು ಕೂತಿತು. ಊಟ ಮಾಡುವಾಗ, ಬಿದಿರು ಆರಿಸುವಾಗ, ಸ್ನಾನ ಮಾಡುವಾಗ, ಅಣ್ಣ ಎನ್ನಲಿಲ್ಲವಲ್ಲ ಎಂದುಕೊಂಡು ನಗುತ್ತಿದ್ದೆ.

ಆ ವರ್ಷ ಅವರ ಏಣಿ ಬೆಳೆದದ್ದೇ ಬೆಳೆದದ್ದು. ಮೊದಲು ಅಡುಗೆಯ ಆ್ಯಪ್, ಆಮೇಲೆ ಯೋಗದ್ದು, ಆಮೇಲೆ ಮೀನು ಈಜುವುದನ್ನು ತೋರಿಸುವಂಥದ್ದು, ಆಮೇಲೆ ಸುಮ್ಮನೆ ಬೆಂಕಿ ಉರಿಯುವುದನ್ನು ತೋರಿಸುವಂಥದ್ದು. ಒಂದು ದಿನ ರೈಲಿನ ವೇಳೆ ತಿಳಿಸುವ ಆ್ಯಪ್ ಹಾಕಿದ್ದೇವೆ, ಮೆಟ್ಟಿಲು ತನ್ನಿ ಎಂದಳು. ನಮ್ಮ ಊರಿಗೆ ರೈಲೇ ಇಲ್ಲ.

"ರೈಲಿಂದು ಯಾಕ್ರಿ ನಿಮ್ಗೆ?" ಎಂದೆ.

ಅವಳು ಕಾಲು ಆಡಿಸುವುದನ್ನು ನಿಲ್ಲಿಸಿದಳು. "ಮೆಟ್ಟಿಲು ಸಾಲ್ದೇ ಹೋಗ್ಲಿ ಅಂತ" ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಕೈಯಲ್ಲಿದ್ದ ಹಗ್ಗಕ್ಕೆ ಯಾವ ಗಂಟು ಹಾಕುವುದು ಎನ್ನುವುದೇ ಮರೆತುಹೋಯಿತು. ಸಂತೋಷ ಎಂದರೆ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. ಈ ಹುಡುಗಿ ನಾನು ಬರಲಿ ಎಂದು ತನ್ನ ಮನೆಯನ್ನು ತೆಂಗಿನಮರದ ತುದಿಗೆ ಏರಿಸಿಕೊಂಡು ಕೂತಿದ್ದಾಳೆ, ನಾನು ಪೆದ್ದನ ಹಾಗೆ ಮೀನಿನ ಆ್ಯಪಿನಲ್ಲಿ ಎಂಥ ಮೀನಿದೆ ಎಂದು ವಿಚಾರಿಸುತ್ತಿದ್ದೆ. ಆವತ್ತು ಕಟ್ಟಿದ ಮೆಟ್ಟಿಲು ಸಡಿಲವಾಗಿ ಮಾರನೆಯ ದಿನ ಮತ್ತೆ ಹೋಗಿ ಕಟ್ಟಬೇಕಾಯಿತು. ಅದಕ್ಕೂ ಇಬ್ಬರೂ ಬಹಳ ಹೊತ್ತು ತೆಗೆದುಕೊಂಡೆವು.

ವಿಷಯ ತಿಳಿದ ಅವ್ವ ಹೊಸ ಸೀರೆಯುಟ್ಟು ಬೀದಿಯ ನಡುವೆ ನಿಂತು ಕತ್ತೆತ್ತಿ ಹೆಣ್ಣು ಕೇಳಿದಳು. ಕುಬೇರಪ್ಪನವರು ಹೊಸ್ತಿಲಲ್ಲಿ ಕೂತು ಕೆಳಗೆ ನೋಡಿ, "ಕೊಡೋಕೆ ನಂದೇನೂ ತಕರಾರಿಲ್ಲ ಅಕ್ಕಾರೆ, ಹುಡುಗ ಒಳ್ಳೇನು. ಹಲಗೆ ಮಟ್ಟ ಆಗ್ಬೇಕಲ್ಲ, ಅದಕ್ಕೇನು ಮಾಡ್ತೀರಿ?" ಎಂದರು.

ನಮ್ಮ ಮದುವೆಗಳಲ್ಲಿ ತಾಳಿ ಕಟ್ಟಿದರೆ ಸಾಲದು. ಹೆಣ್ಣಿನ ಹೊಸ್ತಿಲಿಂದ ಗಂಡಿನ ಹೊಸ್ತಿಲಿಗೆ ಹಲಗೆ ಹಾಸಿ, ಎರಡು ಕಡೆಯೂ ಹಗ್ಗದಿಂದ ಬಿಗಿದು, ನಡುವೆ ಒಂದು ನಿಂಬೆಹಣ್ಣು ಇಡುತ್ತಾರೆ. ಹಲಗೆ ಮಟ್ಟವಾಗಿದ್ದು ಹಣ್ಣು ಅಲುಗದೆ ನಿಂತಿರುವಾಗ ಮದುಮಗಳು ದಾಟಬೇಕು. ಹಣ್ಣು ಬಿದ್ದುಹೋದರೆ, ಇಲ್ಲವೇ ಮದುಮಗಳು ಒಬ್ಬಳೇ ಹಿಂದಿರುಗಿದರೆ, ಆ ಸಂಬಂಧ ಅಲ್ಲಿಗೆ ಮುಗಿಯಿತು, ಮತ್ತೆ ಅದರ ಮಾತೆತ್ತುವಂತಿಲ್ಲ. ತೀರ್ಪು ಹೇಳುವವರು ಹಳೆಯ ಗಾರೆ ಕೆಲಸದ ಕರಿಬಸಜ್ಜ. ಅವರು ಬೀದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಮೇಲೆ ನೋಡಿದರೆ ಹಲಗೆ ಕೂದಲೆಳೆ ವಾರೆಯಾಗಿದ್ದರೂ ಗೊತ್ತಾಗುತ್ತದೆ ಎಂದು ಪ್ರತೀತಿ.

ಹಾಗಾಗಿ ನಮ್ಮೂರಲ್ಲಿ ಮದುವೆಯ ಮಾತುಕತೆ ಎಂದರೆ ಆ್ಯಪುಗಳ ಮಾತುಕತೆಯೇ. ಕುಬೇರಪ್ಪನವರು ಮುಕ್ಕಾಲು ಪಾಲು ಇಳಿಯಬೇಕು, ನಾವು ಮಹಡಿಯ ಎತ್ತರಕ್ಕೆ ಏರಬೇಕು ಎಂದು ತೀರ್ಮಾನವಾಯಿತು. ಮಹಡಿಯ ಎತ್ತರ ಎನ್ನುವ ಮಾತು ಕೇಳಿಯೇ ನಾನು ಗೋಡೆ ಹಿಡಿದುಕೊಂಡೆ. ಆದರೆ ಬೇಡ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಇಂದುಮತಿ ಇಲ್ಲದೆ ನೆಲದ ಮೇಲೆ ಗಟ್ಟಿಯಾಗಿ ನಿಂತು ಮಾಡುವುದಾದರೂ ಏನು?

ಮೊದಲ ಆ್ಯಪ್ ಹಾಕಿದ ದಿನ ಇಂದುಮತಿ ತನ್ನ ಕಿಟಕಿಯಿಂದಲೇ ಕೂಗಿ ಕೂಗಿ ಹೇಳಿಕೊಟ್ಟಳು. "ಭೂತಗನ್ನಡಿ ಚಿತ್ರ ಇದೆಯಲ್ಲ, ಅಲ್ಲಿ ಹೋಗಿ ಹೆಸರು ಹುಡುಕಿ. ಬಾಣದ ಗುರುತಿನ ಗುಂಡಿ ಒತ್ತಿ. ಅದಲ್ಲ, ಪಕ್ಕದ್ದು." ಒಂದೊಂದು ಅಕ್ಷರಕ್ಕೂ ಬಾಣ ಒತ್ತಿ ಒತ್ತಿ ಹೋಗುವಷ್ಟರಲ್ಲಿ ನನ್ನ ಹೆಬ್ಬೆರಳು ಕೆಂಪಾಯಿತು. ಒಂದು ಸಲ ತಪ್ಪಿದರೆ ಮತ್ತೆ ಮೊದಲಿಂದ. ಆಮೇಲೆ ಫೋನಿಗೆ ಅಂಕಿ ಬಂತು, ಅದನ್ನು ಟಿವಿಯಲ್ಲಿ ಹಾಕುವಷ್ಟರಲ್ಲಿ ಸಮಯ ಮೀರಿತು ಎಂದಿತು. ಮತ್ತೆ ಕಳಿಸಿಕೊಂಡೆ. "ಪಾಸ್‌ವರ್ಡ್ ಏನಿಟ್ರಿ?" ಎಂದು ಕೂಗಿದಳು. ಬೀದಿಯ ಎಲ್ಲ ಕಿಟಕಿಗಳಲ್ಲೂ ತಲೆಗಳಿದ್ದವು. ನಾನು ಅವಳ ಹೆಸರನ್ನೇ ಇಟ್ಟಿದ್ದೆ. ನಾನು ರಿಮೋಟನ್ನು ಬೆನ್ನ ಹಿಂದೆ ಬಚ್ಚಿಟ್ಟದ್ದು ನೋಡಿ ಬೀದಿಗೆ ಬೀದಿಯೇ ಹೋ ಎಂದಿತು. ಇಂದುಮತಿ ಕಿಟಕಿಯಿಂದ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಪರದೆಯ ಮೇಲೆ ಗೆರೆ ತುಂಬುತ್ತ ಬಂತು. ತುಂಬಿದ್ದೇ ತಡ, ಮನೆ ಒಂದು ನಿಟ್ಟುಸಿರಿಟ್ಟ ಹಾಗೆ ಎದ್ದಿತು. ನಾನು ಅಡುಗೆಮನೆಯ ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಅವ್ವ ಮಾತ್ರ ಬಾಗಿಲಿಗೆ ಹೋಗಿ ಕೆಳಗೆ ನೋಡಿ, ಮೇಲೆ ನೋಡಿ, "ಅಯ್ಯ, ಗಾಳಿ ಎಷ್ಟು ಚೆನ್ನಾಗೈತೆ" ಎಂದಳು. ಅಂದಿನಿಂದ ರಿಮೋಟು ಅವಳ ಸೊಂಟದಲ್ಲಿ ಬೀಗದ ಕೈಗೊಂಚಲಿನ ಪಕ್ಕ ಬಂದು ಕೂತಿತು.

ಅವ್ವನನ್ನು ಹಿಡಿಯುವವರೇ ಇಲ್ಲವಾಯಿತು. ಧಾರಾವಾಹಿಯದಾಯಿತು, ದೇವಸ್ಥಾನಗಳ ನೇರಪ್ರಸಾರದ್ದಾಯಿತು, ರಂಗೋಲಿಯದಾಯಿತು, ಕೂತಲ್ಲೇ ಮೈ ಇಳಿಸುವ ವ್ಯಾಯಾಮದ್ದಾಯಿತು. ಚೀನೀ ಭಾಷೆ ಕಲಿಸುವುದನ್ನೂ ಹಾಕಿದಳು. ಯಾಕವ್ವ ಎಂದರೆ "ಪುಕ್ಕಟೆ ಐತೆ ಕಣೋ" ಎಂದಳು. ನಾನು ಹಾಸಿಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿ, ಮನೆ ಏಳುವುದನ್ನು ಬೆನ್ನಿನಿಂದಲೇ ತಿಳಿಯುತ್ತಿದ್ದೆ. ಮನೆಯೊಳಗೆ ನಿಂತು ಓಡಾಡುವುದನ್ನು ಬಿಟ್ಟು ಕೂತೇ ಜರುಗಲು ಕಲಿತೆ. ಅಂಗಡಿಗೆ ಹೋಗಬೇಕಾದರೆ ಅವ್ವ ಎರಡು ಆ್ಯಪ್ ತೆಗೆದು, ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದಳು. ಒಂದು ಬೆಳಿಗ್ಗೆ ನೋಡಿದರೆ ನಾವು ಕುಬೇರಪ್ಪನವರಿಗಿಂತ ಮೇಲಿದ್ದೆವು.

"ಏನ್ರೀ ಬೀಗ್ರೇ, ಎಲ್ಲಿದ್ದೀರಿ, ಕಾಣ್ಸೋದೇ ಇಲ್ಲ" ಎಂದು ಅವ್ವ ಬಾಗಿಲಲ್ಲಿ ಬಗ್ಗಿ ಕೇಳಿದಳು. ಅಷ್ಟು ವರ್ಷ ತಲೆಯೆತ್ತಿ ಮಾತಾಡಿದವಳು, ತಲೆ ಬಗ್ಗಿಸಿ ಮಾತಾಡುವ ಸುಖವನ್ನು ಅವಳು ಅಷ್ಟು ಸುಲಭವಾಗಿ ಬಿಡುವವಳಲ್ಲ. ಚೀನೀ ಭಾಷೆ ಬಿಡಿಸಲು ನಾನು ಒಂದು ಹೊತ್ತು ಊಟ ಬಿಡಬೇಕಾಯಿತು.

ಆ ಕಡೆ ಕುಬೇರಪ್ಪನವರ ಇಳಿತ ಬೇರೆಯೇ ಬಗೆಯದು. ಒಂದೊಂದು ಆ್ಯಪನ್ನೂ ತೆಗೆಯುವ ಮುಂಚೆ ಅದನ್ನು ಕೊನೆಯ ಸಲ ಪೂರ್ತಿ ನೋಡುತ್ತಿದ್ದರು. ಮೀನಿನ ಆ್ಯಪ್ ತೆಗೆದ ದಿನ ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ. ಇಂದುಮತಿ ನಗುತ್ತಲೇ ಇದನ್ನು ಹೇಳಿದಳು, ಆದರೆ ನಗು ಅರ್ಧಕ್ಕೇ ನಿಂತಿತು. "ನಾನು ಈ ಕಡೆ ಬಂದ್ಮೇಲೆ ಅಪ್ಪ ಏನು ನೋಡ್ತಾರೋ" ಎಂದಳು.

ಕೊನೆಗೆ ಕುಬೇರಪ್ಪನವರು ಬೇಡದ್ದೆಲ್ಲ ತೆಗೆದಾಯಿತು, ವಾರ್ತೆಯವು, ಭಜನೆಯವು, ಹಳೆಯ ಸಿನಿಮಾದವು ಇಷ್ಟೇ ಇರುವುದು ಎಂದು ಕೈಮುಗಿದರು. ಕರಿಬಸಜ್ಜ ಬಂದು ಕೆಳಗೆ ನಿಂತು, "ಆ ಕಡೆ ಎಲ್ಡು ಬೆಳ್ಳು. ಈ ಕಡೆ ಒಂಚೂರು ಇಳಿಸ್ರಿ. ಹ್ಞೂಂ. ಅಲ್ಲೇ ಇರ್ಲಿ, ಮದ್ವೆ ತಂಕ ಯಾರೂ ರಿಮೋಟು ಮುಟ್ಬ್ಯಾಡ್ರಿ" ಎಂದರು. ಅವ್ವ ರಿಮೋಟನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು.

ಮದುವೆಯ ದಿನ ಬಿಸಿಲು ಚೆನ್ನಾಗಿತ್ತು. ಬೀದಿಯಲ್ಲಿ ಚಪ್ಪರ, ವಾಲಗ, ದೊಡ್ಡ ದೊಡ್ಡ ಕೊಪ್ಪರಿಗೆಯಲ್ಲಿ ಪಾಯಸ. ತಾಳಿ ಕಟ್ಟುವುದೆಲ್ಲ ಕೆಳಗೆ ಚಪ್ಪರದಲ್ಲೇ ಮುಗಿದು, ಹಲಗೆಯ ಹೊತ್ತಿಗೆ ಇಬ್ಬರೂ ಅವರವರ ಮನೆಗೆ ಏರಿದೆವು. ನನ್ನನ್ನು ಹಗ್ಗದಲ್ಲೇ ಎಳೆದುಕೊಂಡರು. ಬಾಸಿಂಗ ಕಟ್ಟಿಕೊಂಡು ನೇತಾಡಿದ ಮದುಮಗ ನಾನೊಬ್ಬನೇ ಇರಬೇಕು. ಹಲಗೆ ಹಾಸಿದರು, ನಿಂಬೆಹಣ್ಣು ಇಟ್ಟರು. ಅದು ತನ್ನ ಜಾಗದಲ್ಲಿ ಜಾಣ ಮಗುವಿನಂತೆ ಕೂತಿತು. ಕರಿಬಸಜ್ಜ ಕೆಳಗಿನಿಂದ ಕೈ ಬೀಸಿದರು.

ಇಂದುಮತಿ ಹಲಗೆಯ ಮೇಲೆ ಕಾಲಿಟ್ಟಳು. ನಾನು ನಮ್ಮ ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣು ಮುಚ್ಚಿದ್ದೆ.

"ಕಣ್ಣು ಬಿಡ್ರಿ, ನಾನು ಬರೋದು ನೋಡಲ್ವಾ?" ಎಂದಳು.

ಬಿಟ್ಟೆ. ಹಸಿರು ಸೀರೆ, ಕೈತುಂಬ ಬಳೆ, ಬೀದಿಯ ಮೇಲೆ ಗಾಳಿಯಲ್ಲಿ ನಡೆದು ಬರುತ್ತಿದ್ದಾಳೆ. ಇಷ್ಟು ಚೆಂದದ್ದನ್ನು ಕಣ್ಣು ಮುಚ್ಚಿಕೊಂಡು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ಅವಳು ನಡುವಿಗೆ ಬಂದು ನಿಂಬೆಹಣ್ಣಿನ ಹತ್ತಿರ ನಿಂತಿದ್ದಳಷ್ಟೆ, ಅವರ ಮನೆಯೊಳಗಿನ ಟಿವಿ ಟಿಣ್ ಎಂದು ಸದ್ದು ಮಾಡಿತು. ಮನೆ ಎರಡು ಬೆರಳು ಎದ್ದಿತು. ನಿಂಬೆಹಣ್ಣು ನನ್ನ ಕಡೆಗೆ ಉರುಳಿತು. ಉರುಳಿ ಅಂಚು ಮುಟ್ಟುವಷ್ಟರಲ್ಲಿ ಇಂದುಮತಿ ಬಗ್ಗಿ ತಟಕ್ಕನೆ ಹಿಡಿದಳು. ವಾಲಗ ನಿಂತಿತು.

"ಬಿತ್ತಾ?" ಎಂದು ಕೆಳಗಿನಿಂದ ಕರಿಬಸಜ್ಜ ಕೇಳಿದರು.

"ಇಲ್ಲಜ್ಜ, ಹಿಡ್ಕೊಂಡಿದೀನಿ."

"ಬಿದ್ದಿಲ್ಲ ಅಂದ್ಮ್ಯಾಲೆ ಸಂಬಂಧ ಉಳ್ಕಂತು. ಅಲ್ಲೇ ನಿಂತಿರವ್ವ. ಮೊದ್ಲು ಹಲ್ಗೆ ಮಟ್ಟ ಆಗ್ಲಿ. ಕುಬೇರಪ್ಪ, ನಿಂಗೆ ರಿಮೋಟು ಮುಟ್ಬ್ಯಾಡ ಅಂದಿದ್ನಲ್ಲೋ."

ಕುಬೇರಪ್ಪನವರು ಬೆವರುತ್ತ ಬಾಗಿಲಿಗೆ ಬಂದರು. "ನಾನು ಮುಟ್ಟಿಲ್ಲಜ್ಜ. ಅದೇ ಅಪ್‌ಡೇಟ್ ಆಯ್ತು. ಚೌಕಾಬಾರದ್ದು."

"ಚೌಕಾಬಾರದ್ದು ಯಾವ್ದು? ಮೂರೇ ಥರದ್ದು ಐತೆ ಅಂದ್ರಲ್ಲ?" ಎಂದು ಅವ್ವ ಈ ಕಡೆಯಿಂದ ಕೇಳಿದಳು.

ಕುಬೇರಪ್ಪನವರು ರುಮಾಲಿನಿಂದ ಮುಖ ಒರೆಸಿಕೊಂಡರು. "ಮುಂದಿನ ಸಾಲಿಂದ ತೆಗೆದು ಹಿಂದಕ್ಕೆ ಹಾಕಿದ್ದೆ ಅಕ್ಕಾರೆ. ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಹೋದಂಗೇ ಅಂದ್ಕೊಂಡಿದ್ದೆ." ಆಮೇಲೆ ಮಗಳ ಕಡೆ ನೋಡಿ ಮೆಲ್ಲಗೆ, "ಪೂರ್ತಿ ತೆಗೀಬಹುದಿತ್ತು. ನಮ್ಮಿಬ್ರ ಆಟ ಅರ್ಧಕ್ಕೆ ನಿಂತಿತ್ತಲ್ಲ, ನಿನ್ನ ಎರಡು ಕಾಯಿ ಹಣ್ಣಾಗಿದ್ವು. ತೆಗೆದ್ರೆ ಆಟಾನೂ ಹೋಗುತ್ತೆ" ಎಂದರು.

ದಿನಾ ಸಂಜೆ ಅಪ್ಪ ಮಗಳು ಆ ಆಟವಾಡುವುದು ಬೀದಿಗೆಲ್ಲ ಗೊತ್ತಿತ್ತು. ಸೋತವರ ಗೊಣಗಾಟ ಕೆಳಗಿನವರೆಗೂ ಕೇಳುತ್ತಿತ್ತು.

"ಈಗ ತೆಗಿ ಅತ್ಲಾಗೆ, ಮಗ್ಳು ಹಲ್ಗೆ ಮ್ಯಾಲವ್ಳೆ" ಎಂದರು ಕರಿಬಸಜ್ಜ.

"ತೆಗೀಬೇಡಿ ಅಪ್ಪಾ" ಎಂದಳು ಇಂದುಮತಿ, ಹಲಗೆಯ ನಡುವೆ ನಿಂಬೆಹಣ್ಣು ಹಿಡಿದುಕೊಂಡು. "ನಾನು ಗೆಲ್ತಾ ಇದೀನಿ. ಅವ್ರೇ ಎರಡು ಬೆರಳು ಮೇಲೆ ಬರ್ಲಿ."

ಅವ್ವ ಅಕ್ಕಿ ಡಬ್ಬಿಗೆ ಕೈ ಹಾಕಿದಳು. ಎರಡು ಬೆರಳಿನಷ್ಟರದ್ದು ಬೇಕಾಗಿತ್ತು. ಅವಸರದಲ್ಲಿ ಒತ್ತಿದ್ದು ಹಾಡಿನದು. ನಮ್ಮ ಮನೆ ಒಂದು ಗೇಣು ಎದ್ದಿತು. ಹಲಗೆ ಆ ಕಡೆಗೆ ವಾಲಿತು. "ಜಾಸ್ತಿಯಾಯ್ತು ಬೀಗ್ರೇ, ನೀವು ಒಂಚೂರು ಬರ್ರಿ" ಎಂದಳು. ಕುಬೇರಪ್ಪನವರು ಓಡಿ ಹೋಗಿ ಯೋಗದ್ದು ಹಾಕಿದರು, ಸಾಲಲಿಲ್ಲ. ಮೀನಿನದು ಹಾಕಿದರು, ಹೆಚ್ಚಾಯಿತು. ಅವ್ವ ತೆಗೆದಿದ್ದ ರಂಗೋಲಿಯದು ಮತ್ತೆ ಹಾಕಿದಳು, ಕಡಿಮೆಯಾಯಿತು. ಸಿನಿಮಾದ್ದು ಹಾಕಿದಳು, ಒಂದೇ ಸಲ ಒಂದು ಮೊಳ ಎದ್ದೆವು. ಹಲಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ. ಇಂದುಮತಿ ಮೊದಲು ಕೈ ಚಾಚಿ ನಿಂತಿದ್ದವಳು ಆಮೇಲೆ ಕುಕ್ಕರಿಸಿದಳು, ಆಮೇಲೆ ಕಾಲು ಇಳಿಬಿಟ್ಟು ಕೂತೇಬಿಟ್ಟಳು. ಕೂತು ನಗತೊಡಗಿದಳು.

ಕೆಳಗಿನವರು ತಲೆಗೊಂದು ಸಲಹೆ ಕೂಗುತ್ತಿದ್ದರು. ಕ್ಯಾಲೆಂಡರಿನದು ಹಾಕ್ರಿ ಎಂದು ಒಬ್ಬರು, ಪಂಚಾಂಗದ್ದು ಹಗುರ ಎಂದು ಇನ್ನೊಬ್ಬರು. ರೇಡಿಯೋದ್ದು ಎಂದು ರುದ್ರವ್ವ, ಅವಳಿಗೆ ಮಾತ್ರ ನಾವು ಸರಿಯಾಗಿ ಕಾಣುತ್ತಿದ್ದೆವು. ಹೇಳಿದ್ದನ್ನೆಲ್ಲ ಎರಡು ಕಡೆಯೂ ಹಾಕಿದರು. ಚಪ್ಪರ ಚಿಕ್ಕದಾಯಿತು, ಪಾಯಸದ ವಾಸನೆ ಕ್ಷೀಣವಾಯಿತು. ತೆಂಗಿನ ಗರಿಗಳು ನಮ್ಮ ಹೊಸ್ತಿಲಿಂದ ಕೆಳಗಾದವು. ಒಂದು ಕಾಗೆ ಹಲಗೆಯ ಮೇಲೆ ಬಂದು ಕೂತು, ಇದು ತನಗೆ ಹೇಳಿಸಿದ್ದಲ್ಲ ಎಂದುಕೊಂಡು ಹಾರಿಹೋಯಿತು. ಅವ್ವ ಒಳಗಿನಿಂದ ಚೀನೀ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಅದನ್ನು ಯಾವಾಗ ಮತ್ತೆ ಹಾಕಿದಳೋ.

ಇದ್ದಕ್ಕಿದ್ದಂತೆ ಎರಡು ಮನೆಯೂ ನಿಂತವು. "ಜಾಗ ಸಾಲ್ದಂತೆ ಕಣೋ, ಒಂದು ತೆಗೆದ್ರೆ ಒಂದು ಅನ್ತೈತೆ" ಎಂದಳು ಅವ್ವ. ಎದುರು ಮನೆಯಿಂದ ಕುಬೇರಪ್ಪನವರೂ ಹೊರಗೆ ಬಂದು, "ಇಲ್ಲೂ ತುಂಬೋಯ್ತು" ಎಂದು ಕೈ ತೋರಿಸಿದರು. ಹಲಗೆ ಮಟ್ಟವಾಗಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಷ್ಟು ಎತ್ತರದಲ್ಲಿ ಯಾವುದು ಮಟ್ಟ, ಯಾವುದು ವಾರೆ ಎಂದು ಹೇಳಲು ಪಕ್ಕದಲ್ಲಿ ಏನಾದರೂ ಇರಬೇಕಲ್ಲ. ಗಾಳಿ ಜೋರಾಗಿತ್ತು. ಇಂದುಮತಿ ಎದ್ದು ನಿಲ್ಲಲು ನೋಡಿ, ಸೀರೆ ಗಾಳಿಗೆ ಹಾಯಿಯಂತೆ ಉಬ್ಬಿ, ಮತ್ತೆ ಕೂತಳು.

"ಏಣಿಯವ್ರೇ, ನಂಗೆ ನಿಲ್ಲೋಕಾಗ್ತಿಲ್ಲ. ನೀವೇ ಬನ್ನಿ" ಎಂದಳು. ಮೊದಲ ಸಲ ಅವಳ ದನಿಯಲ್ಲಿ ಹೆದರಿಕೆ ಇತ್ತು.

ನಾನು ಧೈರ್ಯಶಾಲಿಯಂತೆ ನಡೆದುಹೋದೆ ಎಂದು ಹೇಳಿದರೆ ನಂಬಬೇಡಿ. ಹೊಸ್ತಿಲಲ್ಲಿ ಕೂತೆ. ಹಲಗೆಯ ಎರಡು ಕಡೆಯೂ ಕಾಲು ಇಳಿಬಿಟ್ಟೆ. ಎರಡು ಕೈಯಲ್ಲೂ ಹಲಗೆ ಹಿಡಿದು, ಮನೆಯಲ್ಲಿ ಜರುಗುತ್ತಿದ್ದ ಹಾಗೇ ಒಂದೊಂದು ಗೇಣು ಜರುಗುತ್ತ ಹೊರಟೆ. ಪೇಟ ಹಾರಿಹೋಯಿತು. ಬಾಸಿಂಗ ಮೂಗಿಗೆ ಇಳಿಯಿತು. ಕೆಳಗೆ ನೋಡಲಿಲ್ಲ, ಅವಳ ಮೂಗುಬೊಟ್ಟನ್ನೇ ನೋಡುತ್ತ ಹೋದೆ. ಹಣೆಗೆ ಹಣೆ ತಾಗುವಷ್ಟು ಹತ್ತಿರ ಹೋಗಿ ನಿಂತೆ, ಅಂದರೆ ಕೂತೆ.

"ತಲೆ ಸುತ್ತುತ್ತಾ?" ಎಂದಳು.

"ಸುತ್ತುತ್ತೆ."

"ನಂಗೂ" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಲಗೆ ನಡುಗುವ ಹಾಗೆ ನಕ್ಕೆವು. ಆ ಸುತ್ತು ಬೇರೆ, ಸ್ಟೂಲಿನ ಮೇಲೆ ಬರುವ ಸುತ್ತು ಬೇರೆ ಎಂದು ನನಗೆ ಆಗ ಗೊತ್ತಾಯಿತು.

ಕೆಳಗೆ ಎಲ್ಲೋ ಆಳದಲ್ಲಿ ಕರಿಬಸಜ್ಜನ ದನಿ ಕೇಳಿತು. ಬಗ್ಗಿ ನೋಡಿದ ಇಂದುಮತಿ, ಅವರು ಹಣೆಗೆ ಕೈಯಡ್ಡ ಹಿಡಿದು ಒಂದು ಕಣ್ಣಲ್ಲ, ಎರಡೂ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಾರೆ ಎಂದಳು. "ಮಟ್ಟ ಕಾಣ್ತಿಲ್ಲವ್ವಾ. ನಿಂಬೆಹಣ್ಣು ಅಲ್ಲಾಡ್ತೈತಾ?" ಎಂದು ಅವರು ಕೂಗಿದರು.

ಇಂದುಮತಿ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. "ಇಲ್ಲಜ್ಜ, ಒಂಚೂರೂ ಅಲ್ಲಾಡ್ತಿಲ್ಲ" ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

"ಹಂಗಾರೆ ದಾಟ್ರವ್ವ."

"ಹಿಂದಕ್ಕೆ ಜರುಗಿ, ನಾನು ಬರ್ತೀನಿ" ಎಂದಳು ಅವಳು ನನಗೆ. ನಾನು ಹಿಂದಕ್ಕೆ ಜರುಗಲು ನೋಡಿದೆ. ಮೈ ಒಪ್ಪಲಿಲ್ಲ. ಮುಂದಕ್ಕೆ ಬರುವಾಗ ಅವಳ ಮೂಗುಬೊಟ್ಟಿತ್ತು, ಹಿಂದಕ್ಕೆ ಹೋಗಲು ಏನಿತ್ತು? ತಿರುಗಲು ನೋಡಿದೆ, ಒಂದು ಕಾಲು ಎತ್ತಿದ ತಕ್ಷಣ ಲೋಕವೆಲ್ಲ ತಿರುಗಿತು.

"ಇಂದೂ, ನಂಗೆ ಮುಂದಕ್ಕೆ ಮಾತ್ರ ಬರುತ್ತೆ" ಎಂದೆ.

ಅವಳು ನನ್ನನ್ನು ನೋಡಿದಳು. ಹಿಂದಿರುಗಿ ತಮ್ಮ ಬಾಗಿಲಲ್ಲಿ ರುಮಾಲು ಹಿಡಿದು ನಿಂತಿದ್ದ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಮೆಲ್ಲಗೆ ಏನೋ ಬೆಳಗಿತು. "ಒಬ್ಳೇ ವಾಪಸ್ ಹೋಗ್ಬಾರ್ದು ಅಂತ ತಾನೇ ಇರೋದು" ಎಂದಳು. ಒಂದು ಕೈ ನನ್ನ ಹೆಗಲಿಗೆ ಊರಿ, ಸೀರೆ ಸಿಕ್ಕಿಸಿಕೊಂಡು, ಬೆಕ್ಕಿನ ಹಾಗೆ ಹೊರಳಿ ನನಗೆ ಬೆನ್ನು ಮಾಡಿ ಕೂತಳು. ಅವಳು ಮುಂದೆ, ನಾನು ಹಿಂದೆ, ಅವಳ ಸೆರಗಿನ ತುದಿ ನನ್ನ ಹಲ್ಲಿನಲ್ಲಿ. ಹೀಗೆ ಗೇಣು ಗೇಣು ಜರುಗಿ ನಾವು ಕುಬೇರಪ್ಪನವರ ಹೊಸ್ತಿಲು ಮುಟ್ಟಿದೆವು. ಅವರು ಬಗ್ಗಿ ಇಬ್ಬರ ರಟ್ಟೆಯನ್ನೂ ಹಿಡಿದು ಒಳಗೆ ಎಳೆದುಕೊಂಡರು. ಎಳೆದುಕೊಂಡಮೇಲೂ ರಟ್ಟೆ ಬಿಡಲಿಲ್ಲ. ಅವರ ಕಣ್ಣೀರು ಮೀಸೆಗೆ ಇಳಿಯುತ್ತಿತ್ತು.

ಎದುರು ಬಾಗಿಲಲ್ಲಿ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮಗ ಕಣ್ಣೆದುರೇ ಮನೆ ಅಳಿಯನಾಗಿ ಹೋದದ್ದನ್ನು ಅವಳು ಹೇಗೆ ತೆಗೆದುಕೊಳ್ಳುತ್ತಾಳೋ ಎಂದು ನನಗೆ ಭಯವಾಯಿತು. ಅವಳು ಹಲಗೆಯ ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಬೀದಿಯಲ್ಲಿ ನೀರಿಗೆ ಹೋಗುವವಳ ಹಾಗೆ ಸರಾಗವಾಗಿ ಹಲಗೆಯ ಮೇಲೆ ನಡೆದು ಬಂದು, "ಬೀಗ್ರೇ, ಚಾ ಇಡ್ರಿ" ಎಂದಳು.

ಆಗ ಕೆಳಗಿನಿಂದ ಕರಿಬಸಜ್ಜ ಕೊನೆಯ ಸಲ ಕೂಗಿದರು. "ದಾಟಿದ್ರೇನ್ರಪ್ಪ?"

"ದಾಟಿದ್ವಿ ಅಜ್ಜ" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಯಾವ ಕಡೆಗೆ ಎಂದು ಅವರು ಕೇಳಲಿಲ್ಲ.